ಫ್ಲ್ಯಾಟ್‌ಬೆಡ್ ಟ್ರಕ್ ಮೇಲೆ ಸ್ಲೈಡ್-ಇನ್ ಕ್ಯಾಂಪರ್ ಕೂರಿಸುವುದು ಹೇಗೆ: ತೂಕದ ಲೆಕ್ಕದಿಂದ ಮೊದಲ ಓಟದವರೆಗೆ

ಸ್ಲೈಡ್-ಇನ್ ಕ್ಯಾಂಪರ್ ಅಂದರೆ ಪಿಕಪ್ ಟ್ರಕ್ಕಿನ ಹಿಂದಿನ ತೊಟ್ಟಿಯಲ್ಲಿ ಕೂರಿಸುವ ಪುಟ್ಟ ಮನೆ. ಒಳಗೆ ಹಾಸಿಗೆ, ಒಲೆ, ಸಿಂಕು ಇರುತ್ತವೆ, ದೊಡ್ಡದಾದರೆ ಟಾಯ್ಲೆಟ್ಟೂ ಇರುತ್ತದೆ. ಬೇಡವಾದಾಗ ಅದರದ್ದೇ ನಾಲ್ಕು ಜ್ಯಾಕ್ ಕಾಲುಗಳ ಮೇಲೆ ನಿಲ್ಲಿಸಿ, ಟ್ರಕ್ಕನ್ನು ಅಡಿಯಿಂದ ಹೊರಗೆ ತೆಗೆದುಕೊಂಡು ಹೋಗಬಹುದು. ಅಮೆರಿಕ, ಕೆನಡಾದಲ್ಲಿ ಇದು ತೀರಾ ಮಾಮೂಲಿ. ಅಲ್ಲಿರುವ ನಮ್ಮವರಲ್ಲೂ ಕೆಲವರು ಈಗ ಹೋಟೆಲ್ ಬುಕಿಂಗ್ ಬಿಟ್ಟು ಇದರ ಕಡೆ ತಿರುಗಿದ್ದಾರೆ.

ಹೆಚ್ಚಿನ ಕ್ಯಾಂಪರ್‌ಗಳನ್ನು ಮಾಡಿರುವುದು ಪಿಕಪ್ ತೊಟ್ಟಿಗೆ. ಆದರೆ ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೆಯ ಬೆಲೆಗೆ ಸಿಗುವ ಟ್ರಕ್ಕುಗಳಲ್ಲಿ ಎಷ್ಟೋ ಫ್ಲ್ಯಾಟ್‌ಬೆಡ್‌ಗಳೇ ಇರುತ್ತವೆ, ಅಂದರೆ ತೊಟ್ಟಿ ಬಿಚ್ಚಿ ಸಪಾಟು ಡೆಕ್ ಹಾಕಿದವು. ಎರಡನ್ನೂ ಜೋಡಿಸಬಹುದಾ? ಧಾರಾಳವಾಗಿ. ಒಂದು ವಿಷಯ ಮಾತ್ರ ತಲೆಯಲ್ಲಿರಲಿ. ಪಿಕಪ್ಪಿನಲ್ಲಿ ಕ್ಯಾಂಪರ್ ಮುಂದಕ್ಕೆ ಜಾರದಂತೆ ತೊಟ್ಟಿಯ ಮುಂಗೋಡೆ ತಡೆಯುತ್ತದೆ. ಪಕ್ಕಕ್ಕೆ ಸರಿಯದಂತೆ ಚಕ್ರದ ಉಬ್ಬುಗಳು ತಡೆಯುತ್ತವೆ. ಫ್ಲ್ಯಾಟ್‌ಬೆಡ್‌ನಲ್ಲಿ ಇದ್ಯಾವುದೂ ಇಲ್ಲ. ಆ ಗೋಡೆಗಳ ಕೆಲಸವನ್ನು ನೀವೇ ಕಟ್ಟಿಕೊಡಬೇಕು. ಸುಮ್ನೆ ನಾಲ್ಕು ಮೂಲೆಗೆ ಸರಪಳಿ ಬಿಗಿದು ಹೊರಟರೆ ಆಗುವುದಿಲ್ಲ.

ಮೊದಲು ತೂಕ

ಕ್ಯಾಂಪರ್ ನೋಡಲು ಹೋಗುವ ಮುಂಚೆಯೇ ಟ್ರಕ್ಕನ್ನು ತೂಕಕ್ಕೆ ಹಾಕಿ. ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಎಷ್ಟು ಹೇರಬಹುದು ಎಂಬ ಚೀಟಿ ಅಂಟಿಸಿರುತ್ತಾರೆ. ಅದು ಕಾರ್ಖಾನೆಯಿಂದ ಹೊರಬಂದ ದಿನದ ಲೆಕ್ಕ. ಆಮೇಲೆ ಯಾರೋ ತೊಟ್ಟಿ ಬಿಚ್ಚಿ ಕಬ್ಬಿಣದ ಡೆಕ್ ಹಾಕಿದ್ದಾರೆ. ಕಬ್ಬಿಣದ ಡೆಕ್ ತೊಟ್ಟಿಗಿಂತ ನೂರಾರು ಪೌಂಡ್ ಭಾರ ಇರಬಹುದು. ಅಲ್ಯೂಮಿನಿಯಂ ಡೆಕ್ ಆದರೆ ಅಷ್ಟಿರುವುದಿಲ್ಲ. ಹಾಗಾಗಿ ಆ ಚೀಟಿಯಲ್ಲಿರುವ ಹೊರೆಯ ಅಂಕಿಯನ್ನು ಮರೆತುಬಿಡಿ. ಅದೇ ಚೌಕಟ್ಟಿನಲ್ಲಿರುವ ಇನ್ನೊಂದು ಚೀಟಿಯಿಂದ ಎರಡು ಅಂಕಿ ಬರೆದುಕೊಳ್ಳಿ. ಒಂದು, ಟ್ರಕ್ಕಿನ ಒಟ್ಟು ತೂಕದ ಮಿತಿಯಾದ ಜಿವಿಡಬ್ಲ್ಯೂಆರ್. ಇನ್ನೊಂದು, ಹಿಂದಿನ ಆಕ್ಸಲ್‌ನ ಮಿತಿ.

ಹೆದ್ದಾರಿಯ ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆಗಳಿರುತ್ತವೆ. ಟ್ಯಾಂಕ್ ಪೂರ್ತಿ ತುಂಬಿಸಿ, ಪ್ರವಾಸಕ್ಕೆ ಬರುವವರನ್ನೆಲ್ಲ ಕೂರಿಸಿಕೊಂಡು ಅಲ್ಲಿಗೆ ಹೋಗಿ. ಮುಂದಿನ ಆಕ್ಸಲ್ಲಿಗೆಷ್ಟು, ಹಿಂದಿನದಕ್ಕೆಷ್ಟು ಎಂದು ಬೇರೆ ಬೇರೆಯಾಗಿ ಬರೆದುಕೊಡುತ್ತಾರೆ.

ಒಂದು ಲೆಕ್ಕ ಹಾಕಿ ನೋಡೋಣ. ಒಟ್ಟು ಮಿತಿ 11,400 ಪೌಂಡ್ ಅಂತಿಟ್ಟುಕೊಳ್ಳಿ. ಡೆಕ್, ಡೀಸೆಲ್, ಇಬ್ಬರು ಜನ ಸೇರಿ ತೂಕ 7,900 ಬಂತು. ಉಳಿದದ್ದು 3,500. ಮಾರುವವನು ಕ್ಯಾಂಪರ್ 2,450 ಪೌಂಡ್ ಅನ್ನುತ್ತಾನೆ. ಅದು ಒಣ ತೂಕ, ನೀರಿಲ್ಲದ್ದು, ಗ್ಯಾಸ್ ಇಲ್ಲದ್ದು. ಒಂದು ಗ್ಯಾಲನ್ ನೀರು 8.34 ಪೌಂಡ್ ತೂಗುತ್ತದೆ. 30 ಗ್ಯಾಲನ್ ತುಂಬಿಸಿದರೆ 250. ಎರಡು ಗ್ಯಾಸ್ ಸಿಲಿಂಡರ್ 75. ಎಸಿ, ಬಿಸಿಲಿಗೆ ಚಾಚುವ ಪರದೆ, ಎರಡನೇ ಬ್ಯಾಟರಿ ಸೇರಿ 225. ಬಟ್ಟೆ, ಕುರ್ಚಿ, ಅಕ್ಕಿ-ಬೇಳೆ, ಸ್ಟೀಲ್ ಪಾತ್ರೆ, ಕುಕ್ಕರ್ ಅಂತ 350. ಒಟ್ಟು 3,350 ಆಯಿತು. ಉಳಿದದ್ದು 150 ಪೌಂಡ್, ಹತ್ತಿರಹತ್ತಿರ 68 ಕೆಜಿ. ಟೇಬಲ್‌ಟಾಪ್ ಗ್ರೈಂಡರ್ ಮನೆಯಲ್ಲೇ ಇರಲಿ.

ಕ್ಯಾಂಪರ್ ಮೇಲೂ ಒಂದು ಚೀಟಿ ಇರಬೇಕು. ಅಮೆರಿಕದ ಕಾನೂನಿನ ಪ್ರಕಾರ ತಯಾರಕರು ತೂಕವನ್ನೂ ತೂಕದ ಕೇಂದ್ರ ಎಲ್ಲಿದೆ ಎಂಬುದನ್ನೂ ತಿಳಿಸಬೇಕು. ಆ ಚೀಟಿಯ ಅಂಕಿಯಲ್ಲಿ ನೀರು, ಗ್ಯಾಸ್ ಸೇರಿರುತ್ತವೆ. ಆದರೆ ಎಸಿಯಂಥ ಹೆಚ್ಚುವರಿ ಸಾಮಾನು ಸೇರಿರುವುದಿಲ್ಲ. ಬ್ರೋಶರ್‌ನ ಅಂಕಿಗಿಂತ ಈ ಚೀಟಿಯನ್ನು ನಂಬಿ.

ಕ್ಯಾಂಪರ್‌ನ ಭಾರವೆಲ್ಲ ಹೆಚ್ಚುಕಡಿಮೆ ಹಿಂದಿನ ಆಕ್ಸಲ್ ಮೇಲೇ ಬೀಳುತ್ತದೆ. ಹಾಗಾಗಿ ಒಟ್ಟು ತೂಕ ಮಿತಿಯೊಳಗಿದ್ದರೂ ಆಕ್ಸಲ್ ಮಿತಿ ದಾಟಿರಬಹುದು. ಟೈರನ್ನೂ ನೋಡಿ. ಎಲ್‌ಟಿ 275/70ಆರ್18 ಅಳತೆಯ, ಲೋಡ್ ರೇಂಜ್ ಇ ದರ್ಜೆಯ ಟೈರು 80 ಪಿಎಸ್‌ಐ ಗಾಳಿಯಲ್ಲಿ 3,640 ಪೌಂಡ್ ಹೊರುತ್ತದೆ. ಎರಡಕ್ಕೆ 7,280. ಗಾಳಿ ಕಮ್ಮಿಯಾದರೆ ಹೊರುವ ಶಕ್ತಿಯೂ ಕಮ್ಮಿ. ಹಿಂದಿನ ಸ್ಪ್ರಿಂಗುಗಳಿಗೆ ಆಸರೆಯಾಗುವ ಗಾಳಿಚೀಲ, ಅಂದರೆ ಏರ್‌ಬ್ಯಾಗ್ ಹಾಕಿಸಿದರೆ ಮಿತಿ ಜಾಸ್ತಿಯಾಗುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಆಗುವುದಿಲ್ಲ. ಟ್ರಕ್ಕಿನ ಹಿಂಭಾಗ ಕುಸಿಯದೆ ಮಟ್ಟಕ್ಕೆ ನಿಲ್ಲುತ್ತದೆ, ಅಷ್ಟೇ. ಬಾಗಿಲ ಚೌಕಟ್ಟಿನ ಅಂಕಿ ಹಾಗೇ ಇರುತ್ತದೆ.

ತೂಕದ ಕೇಂದ್ರ ಆಕ್ಸಲ್ಲಿನ ಮುಂದೆ ಬೀಳಬೇಕು

ಎತ್ತಿನ ಗಾಡಿಗೆ ಹಿಂದೆ ಜಾಸ್ತಿ ಹೇರಿದರೆ ಮೂಕಿ ಮೇಲೇಳುತ್ತದೆ, ಎತ್ತುಗಳ ಹೆಗಲಿಗೆ ಭಾರವೇ ಸಿಗುವುದಿಲ್ಲ. ಇಲ್ಲೂ ಅದೇ ಕತೆ. ಕ್ಯಾಂಪರ್‌ನ ತೂಕದ ಕೇಂದ್ರ ಹಿಂದಿನ ಆಕ್ಸಲ್ಲಿಗಿಂತ ಹಿಂದೆ ಹೋದರೆ ಮುಂದಿನ ಚಕ್ರಗಳು ಹಗುರಾಗುತ್ತವೆ, ಸ್ಟೀರಿಂಗ್ ಹಿಡಿತ ತಪ್ಪುತ್ತದೆ.

ಕ್ಯಾಂಪರ್‌ನ ಪಕ್ಕದಲ್ಲಿ ಸಾಮಾನ್ಯವಾಗಿ ತೂಕದ ಕೇಂದ್ರದ ಗುರುತು ಇರುತ್ತದೆ. ಅದು ಕ್ಯಾಂಪರ್‌ನ ಕೆಳಭಾಗದ ಮುಂಗೋಡೆಯಿಂದ ಎಷ್ಟು ಇಂಚು ಹಿಂದಿದೆ ಅಂತ ಅಳೆಯಿರಿ. ಟ್ರಕ್ಕಿನಲ್ಲಿ ಕ್ಯಾಬಿನ್ನಿನ ಹಿಂಬದಿಯಿಂದ ಹಿಂದಿನ ಆಕ್ಸಲ್ಲಿನ ನಡುವಿನವರೆಗೆ ಅಳೆಯಿರಿ. ಉದ್ದ ತೊಟ್ಟಿ ತೆಗೆದು ಡೆಕ್ ಹಾಕಿದ ಟ್ರಕ್ಕಿನಲ್ಲಿ ಇದು 56 ಇಂಚು ಇರುವುದು ಸಾಮಾನ್ಯ. ಕ್ಯಾಂಪರ್‌ನ ಕೇಂದ್ರ ಮುಂಗೋಡೆಯಿಂದ 40 ಇಂಚು ಇದೆ ಅಂತಿಟ್ಟುಕೊಳ್ಳಿ. ಕ್ಯಾಬಿನ್ ಮತ್ತು ಡೆಕ್ ನಡುವೆ 2 ಇಂಚು ಸಂದು, ಡೆಕ್ಕಿನ ಮುಂದೆ ನಿಂತಿರುವ ಕಬ್ಬಿಣದ ಜಾಲರಿ 2 ಇಂಚು, ನಾವು ಹಾಕುವ ಮರದ ತಡೆ 4 ಇಂಚು. ಒಟ್ಟು 48. ಆಕ್ಸಲ್ಲಿಗಿಂತ 8 ಇಂಚು ಮುಂದೆ ಬಿತ್ತು, ಚೆನ್ನಾಗಿದೆ. ಚಿಕ್ಕ ತೊಟ್ಟಿಯ ಪಿಕಪ್ಪಿಗೆ ಡೆಕ್ ಹಾಕಿದ್ದರೆ ಆ 56ರ ಜಾಗದಲ್ಲಿ ಸುಮಾರು 40 ಇರುತ್ತದೆ. ಆಗ ಇದೇ ಕ್ಯಾಂಪರ್ 8 ಇಂಚು ಹಿಂದೆ ಬೀಳುತ್ತದೆ. ಅಂಥ ಟ್ರಕ್ಕಿಗೆ ಇಂಥ ಕ್ಯಾಂಪರ್ ಬೇಡ. ಡೆಕ್ ಉದ್ದ ಇದೆಯಲ್ಲ, ಹಿಡಿಸುತ್ತದೆ ಎಂಬ ಮಾತಿಗೆ ಕಿವಿಗೊಡಬೇಡಿ. ಡೆಕ್ ಎಷ್ಟು ಉದ್ದವಿದ್ದರೂ ಆಕ್ಸಲ್ ಇದ್ದಲ್ಲೇ ಇರುತ್ತದೆ.

ಟೇಪು ಹಿಡಿದು ಒಂದು ಸುತ್ತು

ಕ್ಯಾಂಪರ್‌ನ ಮಲಗುವ ಭಾಗ ಕ್ಯಾಬಿನ್ನಿನ ಮೇಲೆ ಚಾಚಿಕೊಂಡಿರುತ್ತದೆ. ಕ್ಯಾಂಪರ್ ತಳದಿಂದ ಆ ಚಾಚಿನ ಅಡಿಯವರೆಗಿನ ಎತ್ತರ, ಡೆಕ್ಕಿನಿಂದ ಕ್ಯಾಬಿನ್ ಮಾಡಿನವರೆಗಿನ ಎತ್ತರಕ್ಕಿಂತ ಮೂರು-ನಾಲ್ಕು ಇಂಚಾದರೂ ಜಾಸ್ತಿ ಇರಲಿ. ಹಳ್ಳಕ್ಕೆ ಚಕ್ರ ಇಳಿದಾಗ ಚಾಸಿ ಬಾಗುತ್ತದೆ, ಆಗ ಈ ಸಂದು ಕಿರಿದಾಗುತ್ತದೆ. ಫ್ಲ್ಯಾಟ್‌ಬೆಡ್ ಡೆಕ್ ಸಾಮಾನ್ಯವಾಗಿ ತೊಟ್ಟಿಯ ತಳಕ್ಕಿಂತ ಎತ್ತರ, ಹಾಗಾಗಿ ಈ ಜಾಗ ಸಿಗುವುದು ಕಷ್ಟವಲ್ಲ. ಆದರೆ ಅಷ್ಟೇ ಎತ್ತರಕ್ಕೆ ಇಡೀ ಭಾರವೂ ಏರಿತು ಅಂತಲೇ ಅರ್ಥ. ತಿರುವಿನಲ್ಲಿ ತೂಗಾಟ ಜಾಸ್ತಿ ಇರುತ್ತದೆ. ಹಿಂದಿನ ಆಕ್ಸಲ್ಲಿಗೆ ತೂಗಾಟ ತಗ್ಗಿಸುವ ಸರಳು, ಅಂದರೆ ಗಟ್ಟಿ ಸ್ವೇ ಬಾರ್ ಹಾಕಿಸಿದರೆ ಹಣ ದಂಡವಲ್ಲ.

ಫ್ಲ್ಯಾಟ್‌ಬೆಡ್‌ಗಳಲ್ಲಿ ಕ್ಯಾಬಿನ್ನಿನ ಹಿಂದೆ ಒಂದು ಕಬ್ಬಿಣದ ಜಾಲರಿ ನಿಂತಿರುತ್ತದೆ. ಹೆಡೇಕ್ ರ‍್ಯಾಕ್ ಅಂತ ಕರೆಯುತ್ತಾರೆ. ಅದು ಕ್ಯಾಬಿನ್ನಿಗಿಂತ ಎತ್ತರವಿದ್ದರೆ ಕ್ಯಾಂಪರ್‌ನ ಚಾಚಿಗೆ ಬಡಿಯುತ್ತದೆ. ಬೋಲ್ಟಿನದ್ದಾದರೆ ಮೇಲಿನ ಭಾಗ ಬಿಚ್ಚಿ, ವೆಲ್ಡ್ ಆಗಿದ್ದರೆ ಕತ್ತರಿಸಿ ಗಿಡ್ಡ ಮಾಡಿಸಿ. ಪೂರ್ತಿ ತೆಗೆದು ಹಾಕಬೇಡಿ, ಮುಂದಿನ ತಡೆಗೆ ಅದರ ಬುಡ ಬೇಕು.

ಇನ್ನು ಕಾಲುಗಳು. ಡೆಕ್ಕಿನ ಅಗಲ ಸಾಮಾನ್ಯವಾಗಿ 84 ಅಥವಾ 97 ಇಂಚು ಇರುತ್ತದೆ. ಟ್ರಕ್ಕನ್ನು ಹಿಂದಕ್ಕೆ ಬಿಡುವಾಗ ಡೆಕ್ ಈ ಕಾಲುಗಳ ನಡುವೆ ಹಾದುಹೋಗಬೇಕು. ಕಾಲಿನಿಂದ ಕಾಲಿಗೆ ಒಳಗಿನ ಅಂತರ ಅಳೆಯಿರಿ, ಎರಡೂ ಕಡೆ ಎರಡೆರಡು ಇಂಚಾದರೂ ಉಳಿಯಬೇಕು. 97 ಇಂಚಿನ ಡೆಕ್ಕಿಗೆ ಕಾಲನ್ನು ಹೊರಕ್ಕೆ ತಿರುಗಿಸುವ ಬ್ರ್ಯಾಕೆಟ್ ಬೇಕಾಗುವುದೇ ಹೆಚ್ಚು. ಹಿಂದಿನ ಆಕ್ಸಲ್ಲಿಗೆ ನಾಲ್ಕು ಚಕ್ರವಿರುವ ಪಿಕಪ್ಪಿಗೆ ಮುಂದಿನ ಎರಡು ಕಾಲಿಗೆ ಮಾತ್ರ ಈ ಬ್ರ್ಯಾಕೆಟ್ ಹಾಕಿದರೆ ಸಾಕು. ಫ್ಲ್ಯಾಟ್‌ಬೆಡ್ ಉದ್ದಕ್ಕೂ ಒಂದೇ ಅಗಲ. ಹಾಗಾಗಿ ಡೆಕ್ಕಿನ ತುದಿ ಹಿಂದಿನ ಕಾಲುಗಳವರೆಗೂ ಹೋಗುವುದಾದರೆ ಅವಕ್ಕೂ ಬೇಕು. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಕೊನೆಗೆ ಕ್ಯಾಂಪರ್‌ನ ಪಕ್ಕಗಳನ್ನು ಬಗ್ಗಿ ನೋಡಿ. ಗ್ಯಾಸ್ ಸಿಲಿಂಡರ್ ಗೂಡಿನ ತಳದ ಕಿಂಡಿ, ಹೀಟರಿನ ಹೊಗೆ ಹೋಗುವ ಬಾಯಿ, ಕೊಳೆ ನೀರಿನ ಕವಾಟ ಎಲ್ಲೆಲ್ಲಿವೆ ಅಂತ ಗುರುತು ಹಾಕಿಕೊಳ್ಳಿ. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ಕೆಳಗಿನ ಕಿಂಡಿಯಿಂದಲೇ ಹೊರಹೋಗಬೇಕು. ಅದಕ್ಕೆ ಡೆಕ್ಕಾಗಲಿ ಪೆಟ್ಟಿಗೆಯಾಗಲಿ ಅಡ್ಡ ಬರಬಾರದು.

ಡೆಕ್ಕೇ ಗಟ್ಟಿಯಿದೆಯಾ?

ಕ್ಯಾಂಪರನ್ನು ಡೆಕ್ಕಿಗೆ ಕಟ್ಟುತ್ತೀರಿ ಸರಿ, ಡೆಕ್ಕನ್ನು ಚಾಸಿಗೆ ಯಾರು ಕಟ್ಟಿದ್ದಾರೆ? ಟ್ರಕ್ಕಿನ ಅಡಿಗೆ ಟಾರ್ಚ್ ಹಿಡಿದು ಮಲಗಿ ನೋಡಿ. ಕಂಪನಿಯ ತೊಟ್ಟಿ ಕೂತಿದ್ದ ಅದೇ ರಂಧ್ರಗಳಿಗೆ ಬೋಲ್ಟು ಹಾಕಿದ್ದರೆ ಒಳ್ಳೆಯದು. ಚಾಸಿಯ ಮೇಲಿನ ಅಥವಾ ಕೆಳಗಿನ ಅಂಚಿಗೆ ಹೊಸ ರಂಧ್ರ ಕೊರೆದಿದ್ದರೆ, ಚಾಸಿಗೇ ವೆಲ್ಡ್ ಹೊಡೆದಿದ್ದರೆ, ಮುಂದುವರಿಯುವ ಮುಂಚೆ ಒಬ್ಬ ಒಳ್ಳೆಯ ಫ್ಯಾಬ್ರಿಕೇಟರ್‌ಗೆ ತೋರಿಸಿ. ಫೋರ್ಡ್, ರ‍್ಯಾಮ್, ಜಿಎಂ ಮೂರೂ ಬಾಡಿ ಕಟ್ಟುವವರಿಗಾಗಿ ಕೈಪಿಡಿ ಹೊರತಂದಿವೆ. ಎಲ್ಲಿ ಕೊರೆಯಬಾರದು, ಎಲ್ಲಿ ವೆಲ್ಡ್ ಮಾಡಬಾರದು ಅಂತ ಅವುಗಳಲ್ಲಿದೆ. ಬೋಲ್ಟಿನ ಸುತ್ತ ತುಕ್ಕಿನ ಕೆಂಪು ಗೆರೆ ಇಳಿದಿದ್ದರೆ ಅದು ಅಲ್ಲಾಡುತ್ತಿದೆ ಅಂತ ತಿಳಿಯಿರಿ.

ಊರಿನಲ್ಲಿ ಕೂತು ಇದನ್ನು ಓದುತ್ತಾ ಮನೆಯ ಬೊಲೆರೊ ಪಿಕಪ್ ಮೇಲೆ ಕಣ್ಣು ಹಾಕಿದವರಿಗೆ ಒಂದು ಮಾತು. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಗಾಡಿಯ ಆರ್‌ಸಿ ವಿವರಕ್ಕೆ ಹೊಂದದ ಮಾರ್ಪಾಡು ಮಾಡುವಂತಿಲ್ಲ. ಕೈ ಹಾಕುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ತಡೆಗಳನ್ನು ಕಟ್ಟುವುದು

ಇಡೀ ಕೆಲಸದ ಜೀವಾಳ ಇದು. ಒಂದು ಶನಿವಾರ ಪೂರ್ತಿ ಇದಕ್ಕೇ ಇಡಿ.

ಮೊದಲು ರಬ್ಬರ್ ಮ್ಯಾಟ್. ಕುದುರೆ ಲಾಯಕ್ಕೆ ಹಾಸುವ ಮ್ಯಾಟ್ ಸಾಕು, ರೈತರ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. 4 ಅಡಿಗೆ 6 ಅಡಿ, ಮುಕ್ಕಾಲು ಇಂಚು ದಪ್ಪ. ಒಂದೊಂದೂ ಸುಮಾರು 100 ಪೌಂಡ್ ತೂಗುತ್ತದೆ, ಇದನ್ನೂ ಲೆಕ್ಕಕ್ಕೆ ಸೇರಿಸಿ. ಕ್ಯಾಂಪರ್ ತಳ ಹೆಚ್ಚಾಗಿ ಪ್ಲೈವುಡ್, ಡೆಕ್ ಉಬ್ಬು ಗೆರೆಗಳ ತಗಡು. ಪ್ಲೈವುಡ್ ತಗಡಿನ ಮೇಲೆ ಜಾರುತ್ತದೆ, ರಬ್ಬರ್ ಮೇಲೆ ಸುಲಭಕ್ಕೆ ಜಾರುವುದಿಲ್ಲ. ಡೆಕ್ ನಡುವೆ ಟ್ರೇಲರ್ ಎಳೆಯಲು ಹಾಕಿದ ಗೂಸ್‌ನೆಕ್ ಹಿಚ್ಚಿನ ಮುಚ್ಚಳ ಎದ್ದು ನಿಂತಿದ್ದರೆ ಮ್ಯಾಟನ್ನು ಅಷ್ಟಗಲ ಕತ್ತರಿಸಿ. ಕ್ಯಾಂಪರ್ ತಳ ಸಪಾಟಾಗಿ ಕೂರಬೇಕು, ಒಂದು ಉಬ್ಬಿನ ಮೇಲೆ ಭಾರ ನಿಲ್ಲಬಾರದು.

ಆಮೇಲೆ ಮುಂದಿನ ತಡೆ. ಗಟ್ಟಿ ಬ್ರೇಕ್ ಹಾಕಿದಾಗ ಇಡೀ ಕ್ಯಾಂಪರ್ ಕ್ಯಾಬಿನ್ನಿನ ಕಡೆ ನುಗ್ಗುತ್ತದೆ. ಡೆಕ್ಕಿನ ಮುಂದಿನ ಜಾಲರಿಯ ಬುಡಕ್ಕೆ ಒತ್ತಿ 4 ಇಂಚಿನ ಚೌಕ ಮರದ ತೊಲೆಯನ್ನು ಅಡ್ಡಕ್ಕೆ ಇಟ್ಟು, ಡೆಕ್ಕಿನ ಅಡಿಯ ಅಡ್ಡ ಪಟ್ಟಿಗೆ ತಾಗುವಂತೆ ಬೋಲ್ಟು ಹಾಕಿ. ಕ್ಯಾಂಪರ್‌ನ ಮುಂಗೋಡೆಯ ಬುಡ ಇದಕ್ಕೆ ಪೂರ್ತಿ ತಾಗಿ ನಿಲ್ಲಬೇಕು. ಮೇಲಿನ ತೆಳು ಗೋಡೆ ತಾಗಬಾರದು.

ಪಕ್ಕದ ತಡೆಗಳೇ ಫ್ಲ್ಯಾಟ್‌ಬೆಡ್ಡಿನ ವಿಶೇಷ. ಕ್ಯಾಂಪರ್‌ನ ಕೆಳಗಿನ ಭಾಗ ಸುಮಾರು 48 ಇಂಚು ಅಗಲ. 84 ಇಂಚಿನ ಡೆಕ್ ಮೇಲೆ ಕೂರಿಸಿದರೆ ಎಡಬಲದಲ್ಲಿ ಒಂದೂವರೆ ಅಡಿ ಖಾಲಿ. ಅದಕ್ಕೆ 3 ಇಂಚಿನ ಕಬ್ಬಿಣದ ಎಲ್-ಆಂಗಲ್ ತಂದು, ತಳದ ಎರಡೂ ಬದಿ ಉದ್ದಕ್ಕೆ ಬೋಲ್ಟು ಮಾಡಿ. ಒಳಮೈಗೆ ರಬ್ಬರ್ ಪಟ್ಟಿ ಅಂಟಿಸಿ. ತಳಕ್ಕೂ ಆಂಗಲ್ಲಿಗೂ ನಡುವೆ ಕಾಲು ಇಂಚು ಬಿಟ್ಟರೆ ಇಳಿಸುವಾಗ ಸಿಕ್ಕಿಕೊಳ್ಳುವುದಿಲ್ಲ. ಹಿಂದಿನ ತುದಿಯಲ್ಲಿ ಆಂಗಲ್ಲನ್ನು ಸ್ವಲ್ಪ ಹೊರಕ್ಕೆ ಬಾಗಿಸಿದರೆ ಟ್ರಕ್ ಹಿಂದೆ ಬರುವಾಗ ಅದೇ ದಾರಿ ತೋರಿಸುತ್ತದೆ. ವೆಲ್ಡ್ ಮಾಡಬಹುದು, ಆದರೆ ನನ್ನ ಓಟು ಬೋಲ್ಟಿಗೇ. ಕ್ಯಾಂಪರ್ ಇಲ್ಲದ ದಿನ ಬಿಚ್ಚಿಟ್ಟು ಡೆಕ್ ಮೇಲೆ ಗೊಬ್ಬರವನ್ನೋ ಮರವನ್ನೋ ಹೇರಬಹುದು. ವೆಲ್ಡೇ ಮಾಡಿಸುವುದಾದರೆ ಮೊದಲು ಟ್ರಕ್ಕಿನ ಬ್ಯಾಟರಿ ಕನೆಕ್ಷನ್ ಬಿಚ್ಚಿ, ಅಡಿಯಲ್ಲಿ ಇಂಧನ ಟ್ಯಾಂಕೋ ಪೈಪೋ ಇಲ್ಲ ಎಂಬುದನ್ನು ಖಾತ್ರಿ ಮಾಡಿಕೊಳ್ಳಿ.

ಎಡಬಲದ ಖಾಲಿ ಜಾಗಕ್ಕೆ ಸಾಮಾನಿನ ಪೆಟ್ಟಿಗೆ ಮಾಡಿಸುವುದು ಎಲ್ಲರಿಗೂ ಹೊಳೆಯುವ ಉಪಾಯ, ಒಳ್ಳೆಯದೇ. ಪೆಟ್ಟಿಗೆಯ ಮುಚ್ಚಳಕ್ಕೂ ಕ್ಯಾಂಪರ್‌ನ ರೆಕ್ಕೆಗೂ (ತಳದ ಮೇಲೆ ಎಡಬಲಕ್ಕೆ ಚಾಚಿಕೊಂಡ ಭಾಗ) ನಡುವೆ ಒಂದೆರಡು ಇಂಚು ಸಂದು ಇರಲಿ. ಕ್ಯಾಂಪರ್‌ನ ಭಾರವನ್ನು ಹೊರಬೇಕಾದದ್ದು ತಳ, ರೆಕ್ಕೆಯಲ್ಲ.

ಕಟ್ಟುವ ಕೊಂಡಿಗಳು

ಕ್ಯಾಂಪರ್‌ನ ರೆಕ್ಕೆಯ ನಾಲ್ಕು ಮೂಲೆಯಲ್ಲಿ ಕೊಂಡಿಗಳಿರುತ್ತವೆ. ಅಲ್ಲಿಂದ ಕೆಳಕ್ಕೆ ಟರ್ನ್‌ಬಕಲ್, ಅಂದರೆ ತಿರುಗಿಸಿದರೆ ಬಿಗಿಯಾಗುವ ಸ್ಕ್ರೂ ಕೊಂಡಿ, ಹಾಕಿ ಬಿಗಿಯುತ್ತಾರೆ. ಪಿಕಪ್ಪಿಗಾದರೆ ಚಾಸಿಗೆ ಜೋಡಿಸುವ ರೆಡಿಮೇಡ್ ತೋಳುಗಳು ಸಿಗುತ್ತವೆ. ಫ್ಲ್ಯಾಟ್‌ಬೆಡ್ಡಿಗೆ ಹೆಚ್ಚಾಗಿ ನಾವೇ ಮಾಡಿಸಬೇಕು.

ಕೆಳಗಿನ ಕೊಂಡಿಯನ್ನು ಡೆಕ್ಕಿನ ತಗಡಿಗೆ ಹಾಕಬೇಡಿ, ಅಂಚಿನ ತೆಳು ಪಟ್ಟಿಗೂ ಬೇಡ. ಅಡಿಯ ಅಡ್ಡ ತೊಲೆಗೆ, ಇಲ್ಲವೇ ಹೊರ ಚೌಕಟ್ಟಿನ ದಪ್ಪ ಭಾಗಕ್ಕೆ, ಹಿಂದೆ ಅರ್ಧ ಅಂಗೈಯಗಲದ ದಪ್ಪ ಪ್ಲೇಟು ಕೊಟ್ಟು ಗ್ರೇಡ್ 8 ದರ್ಜೆಯ ಗಟ್ಟಿ ಬೋಲ್ಟಿನಿಂದ ಬಿಗಿಯಿರಿ.

ಡೆಕ್ ಅಂಚು ರೆಕ್ಕೆಗೆ ಹತ್ತಿರವಿರುವುದರಿಂದ ಟರ್ನ್‌ಬಕಲ್ ಗಿಡ್ಡವಾಗಿ, ನೆಟ್ಟಗೆ ನಿಲ್ಲುತ್ತದೆ. ನೆಟ್ಟಗೆ ನಿಂತದ್ದು ಮೇಲೇಳದಂತೆ ಹಿಡಿಯುತ್ತದೆ, ಆದರೆ ಹಿಂದೆಮುಂದೆ ಸರಿಯುವುದನ್ನು ಅಷ್ಟಾಗಿ ತಡೆಯುವುದಿಲ್ಲ. ಅದಕ್ಕೇ ಮೇಲೆ ಹೇಳಿದ ತಡೆಗಳಿಗೆ ಅಷ್ಟು ಜೋರು ಕೊಟ್ಟದ್ದು. ಕೆಳಗಿನ ಕೊಂಡಿಗಳನ್ನು ಸ್ವಲ್ಪ ಓರೆ ಬರುವಂತೆ ಹಾಕಿ: ಮುಂದಿನ ಜೋಡಿ ಕೆಳಕ್ಕೂ ಮುಂದಕ್ಕೂ, ಹಿಂದಿನ ಜೋಡಿ ಕೆಳಕ್ಕೂ ಹಿಂದಕ್ಕೂ ಎಳೆಯಲಿ.

ಸ್ಪ್ರಿಂಗ್ ಇರುವ ಟರ್ನ್‌ಬಕಲ್ಲಿಗೆ ಜಾಸ್ತಿ ದುಡ್ಡು ಕೊಟ್ಟರೂ ಚಿಂತೆಯಿಲ್ಲ. ಚಾಸಿ ತಿರುಚಿಕೊಂಡಾಗ ಆ ಸ್ಪ್ರಿಂಗ್ ಹಿಗ್ಗಿ ಕುಗ್ಗುತ್ತದೆ. ಸ್ಪ್ರಿಂಗ್ ಇಲ್ಲದ್ದನ್ನು ಸ್ಪ್ಯಾನರ್ ಹಾಕಿ ಬಿಗಿದರೆ, ಒಂದು ದಿನ ಮರದ ಚೌಕಟ್ಟಿನಿಂದ ಕ್ಯಾಂಪರ್‌ನ ಕೊಂಡಿಯೇ ಕಿತ್ತು ಬರುತ್ತದೆ. ಕೈಯಲ್ಲಿ ತಿರುಗಿಸಿ ಗಟ್ಟಿಯಾದ ಮೇಲೆ ಇನ್ನೊಂದು ಸುತ್ತು ಸಾಕು, ಆಮೇಲೆ ಲಾಕ್ ನಟ್ಟು.

ವೈರಿಂಗ್

ಕ್ಯಾಂಪರ್‌ನಿಂದ ಏಳು ಪಿನ್ನಿನ ಪ್ಲಗ್ ಇಳಿದಿರುತ್ತದೆ. ಟೈಲ್ ಲೈಟು, ಇಂಡಿಕೇಟರ್, ಬ್ರೇಕ್ ಲೈಟು, ಬ್ಯಾಟರಿ ಚಾರ್ಜು ಎಲ್ಲ ಅದರಲ್ಲೇ. ಸಾಕೆಟ್ಟನ್ನು ಡೆಕ್ಕಿನ ಮುಂಭಾಗದಲ್ಲಿ, ಕ್ಯಾಬಿನ್ ಹಿಂದೆ ಹಾಕಿಸಿ. ಹಿಂದಿನ ಬಂಪರಿನ ಸಾಕೆಟ್ ಟ್ರೇಲರ್‌ಗೆ ಇರಲಿ. ವೈರಿನ ಬಣ್ಣವನ್ನು ನಂಬಬೇಡಿ, ತಯಾರಕರು ಒಬ್ಬೊಬ್ಬರು ಒಂದೊಂದು ಬಣ್ಣ ಹಾಕುತ್ತಾರೆ. ಟೆಸ್ಟ್ ಲೈಟ್ ಹಿಡಿದು ಒಂದೊಂದೇ ಪಿನ್ ನೋಡಿ. ಉದ್ದ ತೆಳು ವೈರಿನಲ್ಲಿ ವೋಲ್ಟೇಜ್ ಬಿದ್ದು ಬ್ಯಾಟರಿ ಅರ್ಧಂಬರ್ಧ ಚಾರ್ಜ್ ಆಗುತ್ತದೆ. ಲಿಥಿಯಂ ಬ್ಯಾಟರಿಯಿದ್ದರೆ ದಪ್ಪ ಕೇಬಲ್ಲನ್ನೇ ಬೇರೆ ಎಳೆದು, ಟ್ರಕ್ಕಿನ ಬ್ಯಾಟರಿ ಹತ್ತಿರವೇ ಫ್ಯೂಸ್ ಕೊಟ್ಟು, ಟ್ರಕ್ಕಿನ ಕರೆಂಟಿನಿಂದ ಕ್ಯಾಂಪರ್ ಬ್ಯಾಟರಿಯನ್ನು ಸರಿಯಾಗಿ ಚಾರ್ಜ್ ಮಾಡುವ ಡಿಸಿ-ಡಿಸಿ ಚಾರ್ಜರ್ ಹಾಕಿಸಿ.

ಕೂರಿಸುವ ದಿನ

ಗಟ್ಟಿ ನೆಲ, ಮಟ್ಟವಾದ ಜಾಗ ಬೇಕು. ಗಾಳಿ ಜೋರಿದ್ದರೆ ಇನ್ನೊಂದು ದಿನ ನೋಡಿಕೊಳ್ಳಿ. ನೀರಿನ ಟ್ಯಾಂಕುಗಳು ಖಾಲಿ ಇರಲಿ. ಪ್ರತಿ ಕಾಲಿನ ಪಾದದ ಅಡಿಗೆ ಅಗಲ ಹಲಗೆ ಇಡಿ.

ಕಾಲುಗಳನ್ನು ಒಂದೊಂದಾಗಿ ಪೂರ್ತಿ ಏರಿಸಬೇಡಿ. ನಾಲ್ಕನ್ನೂ ಒಂದೆರಡು ಇಂಚಿನಂತೆ ಸಮವಾಗಿ ಏರಿಸುತ್ತ, ರಸಮಟ್ಟ ನೋಡುತ್ತಿರಿ. ಮುಂಭಾಗ ಒಂದು ಚೂರು ಎತ್ತರದಲ್ಲಿರಲಿ. ಒಂದು ಮೂಲೆ ಹಿಂದೆ ಬಿದ್ದರೆ ಭಾರವೆಲ್ಲ ಮೂಲೆಯಿಂದ ಮೂಲೆಗೆ ಎದುರುಬದುರಿನ ಎರಡು ಕಾಲಿಗೆ ಬೀಳುತ್ತದೆ, ಕಾಲಿನ ಬ್ರ್ಯಾಕೆಟ್ ತಿರುಚಿಕೊಳ್ಳುವುದು ಆಗಲೇ. ಡೆಕ್ಕಿಗಿಂತ ಎರಡು ಮೂರು ಇಂಚು ಮೇಲೆ ಬಂದರೆ ನಿಲ್ಲಿಸಿ. ಅಗತ್ಯಕ್ಕಿಂತ ಎತ್ತರ ಬೇಡ. ಅಡಿಗೆ ಯಾರೂ ನುಸುಳಕೂಡದು, ಮಕ್ಕಳು ನಾಯಿ ಎಲ್ಲ ಮನೆಯೊಳಗೆ.

ಟ್ರಕ್ ಹಿಂದೆ ಬಿಡುವಾಗ ದಾರಿ ಹೇಳಲು ಒಬ್ಬರೇ ಇರಲಿ. ಗಂಡ ಡ್ರೈವಿಂಗ್, ಹೆಂಡತಿ ಒಂದು ಕಡೆ, ಭಾವ ಇನ್ನೊಂದು ಕಡೆ ನಿಂತು "ಎಡಕ್ಕೆ ರೀ", "ಅಯ್ಯೋ ಬಲಕ್ಕೆ ಭಾವ" ಅನ್ನತೊಡಗಿದರೆ ಕೆಲಸ ಕೆಟ್ಟಿತು. ದಾರಿ ಹೇಳುವವರು ಕನ್ನಡಿಯಲ್ಲಿ ಕಾಣುವ ಜಾಗದಲ್ಲಿ ನಿಲ್ಲಬೇಕು. ಅವರು ಕಾಣದಾದರೆ ಡ್ರೈವರ್ ನಿಲ್ಲಿಸಬೇಕು. ಡೆಕ್ಕಿನ ನಡು ಗೆರೆಗೂ ಕ್ಯಾಂಪರ್‌ನ ನಡು ಗೆರೆಗೂ ಬಣ್ಣದ ಟೇಪು ಅಂಟಿಸಿದ್ದರೆ ಅರ್ಧ ಜಗಳ ಕಮ್ಮಿ.

ಮರದ ತಡೆಗೂ ಕ್ಯಾಂಪರ್‌ನ ಮುಂಗೋಡೆಗೂ ಒಂದು ಬೆರಳು ಸಂದು ಉಳಿದಾಗ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ. ಈಗ ನಾಲ್ಕೂ ಕಾಲನ್ನು ಸಮವಾಗಿ ಇಳಿಸಿ. ತಳ ರಬ್ಬರಿಗೆ ತಾಗಿದಾಗ ಟ್ರಕ್ಕಿನ ಹಿಂಭಾಗ ಮೆಲ್ಲಗೆ ಕುಸಿಯತೊಡಗುತ್ತದೆ, ಲೀಫ್ ಸ್ಪ್ರಿಂಗುಗಳು ಕಿರ್ರೆನ್ನುತ್ತವೆ. ಗಾಬರಿ ಬೇಡ. ಅರ್ಧ ಭಾರ ಇಳಿದ ಮೇಲೆ ಒಮ್ಮೆ ನಿಲ್ಲಿಸಿ ಪಕ್ಕದ ಆಂಗಲ್ಲುಗಳನ್ನು ಬಗ್ಗಿ ನೋಡಿ. ತಳದ ಅಂಚು ಆಂಗಲ್ಲಿನ ಮೇಲೆ ಹತ್ತಿ ಕೂತಿದ್ದರೆ ಮತ್ತೆ ಎತ್ತಿ, ಟ್ರಕ್ಕನ್ನು ಒಂದಿಷ್ಟು ಮುಂದೆ ತಂದು ಸರಿಮಾಡಿ. ಸರಿಯಾಗಿ ಕೂತಿದ್ದರೆ ಪೂರ್ತಿ ಇಳಿಸಿ, ಮುಂದಿನ ಟರ್ನ್‌ಬಕಲ್‌ಗಳನ್ನು ಮೊದಲು ಬಿಗಿಯಿರಿ, ತಡೆಗೆ ಒತ್ತಿಕೊಂಡ ಮೇಲೆ ಹಿಂದಿನವು. ಕಾಲುಗಳನ್ನು ಪೂರ್ತಿ ಮೇಲೆತ್ತಿ. ಪ್ಲಗ್ ಹಾಕಿ ಎಲ್ಲ ಲೈಟುಗಳನ್ನೂ ಒಬ್ಬರು ಹಿಂದೆ ನಿಂತು ನೋಡಲಿ.

ಮೊದಲ ಓಟ

ಹೊರಡುವ ಮುಂಚೆ ನೆಲದಿಂದ ಕ್ಯಾಂಪರ್‌ನ ಅತಿ ಎತ್ತರದ ಬಿಂದುವಿನವರೆಗೆ ಅಳೆದು, ಎಸಿ ಮೇಲಿನ ಮುಚ್ಚಳವನ್ನೂ ಸೇರಿಸಿ, ಅಡಿ-ಇಂಚಿನಲ್ಲಿ ದೊಡ್ಡದಾಗಿ ಬರೆದು ಸ್ಟೀರಿಂಗ್ ಎದುರು ಅಂಟಿಸಿ. ಡ್ರೈವ್-ಥ್ರೂ ಕಾಫಿ, ಪೆಟ್ರೋಲ್ ಬಂಕಿನ ಮಾಡು, ಮರದ ಕೊಂಬೆ ಎಲ್ಲಕ್ಕೂ ಈ ಅಂಕಿ ಬೇಕು. ತುಂಬಿಸಿಕೊಂಡ ಮೇಲೆ ಮತ್ತೊಮ್ಮೆ ಕ್ಯಾಟ್ ಸ್ಕೇಲಿಗೆ ಹೋಗಿ ನಿಜವಾದ ತೂಕ ನೋಡಿ.

ಮೊದಲ 25-50 ಮೈಲಿ ಆದ ಮೇಲೆ ನಿಲ್ಲಿಸಿ. ಟರ್ನ್‌ಬಕಲ್ಲುಗಳು ಸಡಿಲವಾಗಿರುವುದು ಸಹಜ, ರಬ್ಬರ್ ಕುಸಿದಿರುತ್ತದೆ. ಮತ್ತೆ ಬಿಗಿಯಿರಿ. ಆಂಗಲ್ಲಿನ ಬೋಲ್ಟು, ಚಕ್ರದ ನಟ್ಟು ನೋಡಿ. ಚಕ್ರದ ನಡುವಿನ ಹಬ್ಬಿನ ಹತ್ತಿರ ಕೈ ಹಿಡಿದು ಒಂದು ಬದಿ ಇನ್ನೊಂದಕ್ಕಿಂತ ಬಿಸಿ ಇದೆಯಾ ಗಮನಿಸಿ. ಬೋಲ್ಟಿನ ತಲೆಯಿಂದ ಡೆಕ್ಕಿಗೆ ಪೇಂಟಿನ ಒಂದು ಗೆರೆ ಎಳೆದಿಟ್ಟರೆ, ಮುಂದೆ ಗೆರೆ ಮುರಿದದ್ದು ಕಂಡೊಡನೆ ಬೋಲ್ಟು ತಿರುಗಿದೆ ಅಂತ ಗೊತ್ತಾಗುತ್ತದೆ. ಕ್ಯಾಂಪ್ ಸೈಟಿನಲ್ಲಿ ಕ್ಯಾಂಪರ್ ಇಳಿಸುವುದಿದ್ದರೆ ಇದೇ ಕ್ರಮವನ್ನು ಹಿಂದುಮುಂದಾಗಿ ಮಾಡಿ: ಮೊದಲು ಏಳು ಪಿನ್ನಿನ ಪ್ಲಗ್ ಕೀಳಿ, ಆಮೇಲೆ ಟರ್ನ್‌ಬಕಲ್ ನಾಲ್ಕೂ ಬಿಚ್ಚಿ ಎಣಿಸಿ, ಅದಾದ ಮೇಲೆಯೇ ಜ್ಯಾಕ್ ಬಟನ್ ಒತ್ತಿ.